ಕತ್ತರಿಯ ಕೆಲಸ ಮುಗಿದ ಮೇಲೆ

ಕ್ಷೌರದ ಅಂಗಡಿಯ ಕನ್ನಡಿಯಷ್ಟು ಉದಾರವಾದ ಕನ್ನಡಿ ಬೇರೊಂದಿಲ್ಲ. ಅದರ ಮುಂದೆ ಕುಳಿತವರು ಅರ್ಧ ಗಂಟೆಯೊಳಗೆ ಐದು ವರ್ಷ ಕಿರಿಯರಾಗಿ ಏಳುತ್ತಾರೆ. ಕ್ಷೌರಿಕರು ಹಿಂದಿನಿಂದ ಚಿಕ್ಕ ಕನ್ನಡಿ ಹಿಡಿದು ಕತ್ತಿನ ಅಂಚನ್ನು ತೋರಿಸಿದಾಗ 'ಚೆನ್ನಾಗಿದೆ' ಎಂದು ತಲೆದೂಗದವರು ವಿರಳ. ಆದರೆ ಮೂರನೆಯ ದಿನದ ಹೊತ್ತಿಗೆ ಆ ಸೊಬಗು ಎಲ್ಲಿಗೋ ಹೋಗಿರುತ್ತದೆ. ಕಿವಿಯ ಮೇಲೆ ಕೂದಲು ನಿಮಿರಿದೆ. ನೆತ್ತಿಯಲ್ಲೊಂದು ಕುಚ್ಚು ಎದ್ದು ನಿಂತಿದೆ. ಕತ್ತಿನ ಹಿಂಭಾಗದಲ್ಲಿ ತುರಿಕೆ, ಕೆಂಪು ಗುಳ್ಳೆ. ಆಗ ಮನೆಮಂದಿಯೆಲ್ಲ ಸೇರಿ ಕ್ಷೌರಿಕರನ್ನು ಹಳಿಯುವುದು ವಾಡಿಕೆ. ನಿಧಾನವಾಗಿ ವಿಚಾರ ಮಾಡಿದರೆ, ಎಷ್ಟೋ ಸಲ ದೋಷ ಅವರದಲ್ಲ. ಕತ್ತರಿಯ ಕೆಲಸ ಅಂಗಡಿಯಲ್ಲಿ ಮುಗಿಯುತ್ತದೆ. ಕ್ಷೌರ ಪೂರ್ಣವಾಗುವುದು ಮನೆಯಲ್ಲಿ.

ಮೊದಲ ಗಂಟೆ

ಕತ್ತರಿಯಿಂದಲೂ ಯಂತ್ರದಿಂದಲೂ ಉದುರುವ ಕೂದಲಿನ ಚೂರುಗಳು ಅತಿ ಸಣ್ಣವು. ಕತ್ತರಿಸಿದ ತುದಿ ಮೊನಚಾಗಿರುವುದರಿಂದ ಅವು ಬೆವರಿಗೆ ಅಂಟಿಕೊಂಡು, ಅಂಗಿಯ ಪಟ್ಟಿಯ ಉಜ್ಜುವಿಕೆಗೆ ಸಿಕ್ಕಿ ಚರ್ಮವನ್ನು ಚುಚ್ಚುತ್ತವೆ. ನಾವು ತುರಿಸಿಕೊಳ್ಳುತ್ತೇವೆ, ಉಗುರಿನಿಂದಾದ ಗೀರಿನಲ್ಲಿ ರೋಗಾಣುಗಳು ಸೇರಿ ಗುಳ್ಳೆಗಳೇಳುತ್ತವೆ. ತರಗತಿಯಲ್ಲಿ ಪಾಠ ಹೇಳುವವರಿಗೆ ಈ ಸಂಗತಿ ಸೋಮವಾರದ ಬೆಳಗ್ಗೆ ಚೆನ್ನಾಗಿ ಗೋಚರಿಸುತ್ತದೆ. ಭಾನುವಾರ ಕ್ಷೌರ ಮಾಡಿಸಿಕೊಂಡು ಅವಸರದಲ್ಲಿ ಮಿಂದ ಹುಡುಗನ ಕಿವಿ ವ್ಯಾಕರಣದ ಕಡೆಗಿದ್ದರೂ ಕೈ ಮಾತ್ರ ಕತ್ತಿನ ಮೇಲೆಯೇ ಇರುತ್ತದೆ!

ಪರಿಹಾರ ಬಹು ಸುಲಭ; ಕ್ರಮವೊಂದೇ ಮುಖ್ಯ. ಮೊದಲು ಒಣಗಿದ ಮೃದು ಬಟ್ಟೆಯಿಂದ ತಲೆ, ಕಿವಿ, ಕತ್ತುಗಳನ್ನು ಮೇಲಿನಿಂದ ಕೆಳಕ್ಕೆ ಮೆಲ್ಲನೆ ಕೊಡವಬೇಕು. ಆಮೇಲೆ ನೀರು. ತಲೆಯನ್ನು ಮುಂದಕ್ಕೆ ಬಾಗಿಸಿ ಉಗುರುಬೆಚ್ಚಗಿನ ನೀರನ್ನು ಹೊಯ್ದುಕೊಂಡರೆ ಚೂರುಗಳು ಬೆನ್ನಿಗಿಳಿಯದೆ ನೇರವಾಗಿ ಬಚ್ಚಲನ್ನು ಸೇರುತ್ತವೆ. ಎಣ್ಣೆ ಹಚ್ಚುವುದು ಇದೆಲ್ಲ ಮುಗಿದ ಮೇಲೆ. ಮೊದಲೇ ಹಚ್ಚಿದರೆ ಚೂರುಗಳು ಅದರಲ್ಲೇ ಅಂಟಿ ಕೂರುತ್ತವೆ. ತೊಟ್ಟಿದ್ದ ಅಂಗಿಯನ್ನು ಹೊರಗೆ ಕೊಡವಿ ಬೇರೆಯಾಗಿ ಒಗೆಯಬೇಕು. ಅಂದು ರಾತ್ರಿ ದಿಂಬಿನ ಗವಸನ್ನು ಬದಲಾಯಿಸಬೇಕು. ಇಷ್ಟರಿಂದಲೇ ಅರ್ಧದಷ್ಟು ತೊಂದರೆ ಕಳೆಯಿತು.

ಸ್ನಾನದ ಎರಡು ಅರ್ಥಗಳು

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳುವುದು ಮೇಲು. ಕ್ಷೌರವಾದ ಕೂಡಲೆ ಮೀಯುವ ಪದ್ಧತಿ ನಮಗೆ ಹೊಸತಲ್ಲ. ಹಿತ್ತಲ ಬಾಗಿಲಿನಿಂದಲೇ ಬಚ್ಚಲಿಗೆ ಹೋಗಬೇಕು, ದಾರಿಯಲ್ಲಿ ಯಾರನ್ನೂ, ಯಾವುದನ್ನೂ ಮುಟ್ಟಕೂಡದು ಎಂಬ ಕಟ್ಟಳೆ ಅನೇಕ ಮನೆಗಳಲ್ಲಿ ನಡೆದುಬಂದಿದೆ. ಈ ಕಟ್ಟಳೆಯಲ್ಲಿ ಎರಡು ಎಳೆಗಳು ಹೆಣೆದುಕೊಂಡಿವೆ. ಒಂದು ನೈರ್ಮಲ್ಯದ್ದು, ಅದನ್ನು ಉಳಿಸಿಕೊಳ್ಳಲೇಬೇಕು. ಇನ್ನೊಂದು ಮೈಲಿಗೆಯದು. ಕ್ಷೌರಿಕರ ಕೈ ಸೋಕಿದ್ದನ್ನೇ ತೊಳೆದುಕೊಳ್ಳಬೇಕೆಂಬ ಭಾವನೆ ಅದು, ಅದನ್ನು ಬಿಟ್ಟುಬಿಡಲೇಬೇಕು. ಕೂದಲ ಚೂರನ್ನು ತೊಳೆಯಲು ನೀರು ಬೇಕು. ಒಬ್ಬ ಮನುಷ್ಯನ ಸ್ಪರ್ಶವನ್ನು ತೊಳೆದುಕೊಳ್ಳುವ ಅಗತ್ಯ ಯಾರಿಗೂ ಇಲ್ಲ.

'ಅಮ್ಮಾ, ಏಕೆ ಮುಟ್ಟಬಾರದು?' ಎಂದು ಏಳು ವರ್ಷದ ಮಗು ಕೇಳುತ್ತದೆ. 'ಮೈಲಿಗೆ, ಅದಕ್ಕೆ' ಎಂದರೆ ಮಗು ಒಂದು ಪಾಠ ಕಲಿಯುತ್ತದೆ. 'ಕೂದಲು ಚುಚ್ಚುತ್ತದೆ, ಊಟದಲ್ಲಿ ಬೀಳುತ್ತದೆ' ಎಂದರೆ ಮತ್ತೊಂದು ಪಾಠ ಕಲಿಯುತ್ತದೆ. ಬಚ್ಚಲು ಅದೇ, ನೀರು ಅದೇ. ಆದರೆ ಎರಡು ಪಾಠಗಳಿಂದ ಬೆಳೆಯುವ ಮನಸ್ಸುಗಳು ಬೇರೆ ಬೇರೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣನವರೂ ಅವರ ಪತ್ನಿ ಲಿಂಗಮ್ಮನವರೂ ವಚನಕಾರರು. ಕ್ಷೌರವೃತ್ತಿಯ ಹಡಪದ ಸಮಾಜದವರು ಇಂದಿಗೂ ಅಪ್ಪಣ್ಣನವರನ್ನು ತಮ್ಮವರೆಂದು ಅಭಿಮಾನದಿಂದ ನೆನೆಯುತ್ತಾರೆ. ಅಂಥ ನಾಡಿನಲ್ಲಿ ಆ ವೃತ್ತಿಯ ಹೆಸರನ್ನೇ ಬೈಗುಳವಾಗಿ ಬಳಸುವ ಚಾಳಿ ಮನೆಯಲ್ಲಿದ್ದರೆ, ಕೂದಲ ಚೂರಿನೊಡನೆ ಅದನ್ನೂ ಕೊಡವಿಬಿಡುವುದು ಒಳ್ಳೆಯದು.

ಕತ್ತಿ ಸೋಕಿದ ಎಡೆ

ಸ್ಪರ್ಶಕ್ಕೆ ಹೆದರಬೇಕಾದುದಿಲ್ಲವಾದರೂ ಹಳೆಯ ಬ್ಲೇಡಿಗೆ ಹೆದರಲೇಬೇಕು. ಒಬ್ಬರ ರಕ್ತ ಸೋಕಿದ ಅಲಗು ಇನ್ನೊಬ್ಬರ ಚರ್ಮವನ್ನು ಗೀರಿದರೆ ಯಕೃತ್ತಿನ ಉರಿಯೂತವನ್ನು ತರುವ ಹೆಪಟೈಟಿಸ್ ಬಿ, ಸಿ ವೈರಾಣುಗಳು ಹರಡಬಹುದು. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೂ ಕನಿಷ್ಠ ೭ ದಿನ ಜೀವ ಹಿಡಿದಿರಬಲ್ಲದು. ಆದ್ದರಿಂದ ಹೊಸ ಬ್ಲೇಡು ಹಾಕಿರೆಂದು ಸೌಜನ್ಯದಿಂದ ಕೇಳುವುದರಲ್ಲಿ ಸಂಕೋಚ ಬೇಡ. ಇದೇ ನಿಯಮ ಮನೆಗೂ ಸಲ್ಲುತ್ತದೆ: ಅಪ್ಪನ ರೇಜರು ಅಪ್ಪನಿಗೆ, ಮಗನದು ಮಗನಿಗೆ.

ಕತ್ತಿ ಆಡಿದ ಕತ್ತು, ಕೆನ್ನೆಗಳ ಚರ್ಮ ಒಂದೆರಡು ದಿನ ಸೂಕ್ಷ್ಮವಾಗಿರುತ್ತದೆ. ಅಂದು ಆ ಭಾಗಕ್ಕೆ ಸೀಗೆಪುಡಿಯಾಗಲಿ ಘಾಟು ಪರಿಮಳದ ಪೌಡರಾಗಲಿ ಬೇಡ, ಉರಿಯುತ್ತದೆ. ತಣ್ಣೀರಿನಿಂದ ತೊಳೆದು, ಒತ್ತಿ ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಗುಳ್ಳೆಗಳಲ್ಲಿ ಕೀವು ತುಂಬಿದರೆ, ಅಥವಾ ಮಗುವಿನ ತಲೆಯಲ್ಲಿ ದುಂಡಗೆ ಕೂದಲುದುರಿದ ಮಚ್ಚೆ ಕಂಡರೆ ವೈದ್ಯರಿಗೆ ತೋರಿಸಬೇಕು. ಅದು ತಲೆಯ ಹುಳುಕಡ್ಡಿಯಾದರೆ ಮೇಲೆ ಹಚ್ಚುವ ಮುಲಾಮಿಗೆ ಬಗ್ಗುವುದಿಲ್ಲ; ಹೊಟ್ಟೆಗೆ ತೆಗೆದುಕೊಳ್ಳುವ ಔಷಧ ಬೇಕಾಗುತ್ತದೆ.

ನಿಮಿರಿ ನಿಲ್ಲುವ ಕುಚ್ಚು

ಇನ್ನು ಕ್ರಾಪಿನ ಅಂದದ ಮಾತು. ಕೂದಲೆಳೆಯ ಹೊರಮೈ ಮಂಗಳೂರು ಹೆಂಚಿನ ಮಾಡಿನಂತಿದೆ: ಸೂಕ್ಷ್ಮವಾದ ಪೊರೆಗಳು ಒಂದರ ಮೇಲೊಂದು ಕವಿದು ತುದಿಯ ಕಡೆಗೆ ಮುಖ ಮಾಡಿವೆ. ತುಂಡುಗೂದಲೇ ತಾನೆ ಎಂದು ಟವೆಲಿನಿಂದ ಅಡ್ಡಾದಿಡ್ಡಿ ಉಜ್ಜಿದರೆ ಆ ಹೆಂಚುಗಳು ಏಳುತ್ತವೆ. ಹೊಳಪು ಹೋಗಿ ಕೂದಲು ಒರಟಾಗುತ್ತದೆ. ಉಜ್ಜದೆ ಒತ್ತಿ ಒರೆಸಬೇಕು. ಹಲ್ಲು ವಿರಳವಾದ ಬಾಚಣಿಗೆಯಿಂದ ಬಾಚಬೇಕು.

ಒದ್ದೆ ಕೂದಲು ಒಣಗುವಾಗ ಯಾವ ಆಕಾರದಲ್ಲಿರುತ್ತದೆಯೋ ಆ ಆಕಾರವನ್ನೇ ಹಿಡಿದುಬಿಡುತ್ತದೆ. ರಾತ್ರಿ ಮಿಂದು ಒದ್ದೆ ತಲೆಯಲ್ಲೇ ಮಲಗಿದವರ ಕುಚ್ಚು ಬೆಳಗ್ಗೆ ಎದ್ದು ನಿಲ್ಲುವ ರಹಸ್ಯ ಇದೇ. ಅದಕ್ಕೆ ಮದ್ದೂ ನೀರೇ: ಬುಡವನ್ನು ಮತ್ತೆ ಒದ್ದೆ ಮಾಡಿ, ಬೇಕಾದ ದಿಕ್ಕಿಗೆ ಬಾಚಿ, ಒಣಗುವ ತನಕ ಮುಟ್ಟದಿರುವುದು. ನೆತ್ತಿಯ ಸುಳಿಯನ್ನೂ ಗಮನಿಸಬೇಕು. ಎರಡು ಸುಳಿಯಿದ್ದವನಿಗೆ ಎರಡು ಮದುವೆಯೆಂದು ಅಜ್ಜಿಯರು ನಗೆಯಾಡುತ್ತಾರೆ. ಮದುವೆಯ ಮಾತು ಹೇಗೇ ಇರಲಿ, ಸುಳಿ ತಿರುಗಿದ ದಿಕ್ಕಿನಲ್ಲೇ ಬಾಚಿದರೆ ಕೂದಲು ವಿಧೇಯವಾಗಿರುತ್ತದೆ. ಎದುರು ಬಾಚಿದರೆ ದಿನವಿಡೀ ಕಲಹ.

ಹೊಸ ಕ್ರಾಪು ಮೆಚ್ಚಿಕೆಯಾಗದಿದ್ದಾಗ ಮನೆಯ ಕತ್ತರಿಗೆ ಕೈ ಹಾಕುವುದು ದೊಡ್ಡ ಪ್ರಮಾದ. ಒದ್ದೆಯಾದಾಗ ಕೂದಲು ಹಿಗ್ಗಿ ಉದ್ದವಾಗಿ ಕಾಣುತ್ತದೆ; ಒಣಗಿದಾಗ ಮೇಲಕ್ಕೇರುತ್ತದೆ. ಒಂದು ಕಡೆ ಹೆಚ್ಚು ಕತ್ತರಿಸಿ, ಅದಕ್ಕೆ ಸಮಮಾಡಲು ಇನ್ನೊಂದು ಕಡೆ ಕತ್ತರಿಸಿ, ಕೊನೆಗೆ ಟೋಪಿಯನ್ನೇ ಶರಣು ಹೋಗಬೇಕಾಗುತ್ತದೆ. ೨೦೨೦ರ ಮಾರ್ಚ್ ೨೫ರಿಂದ ಕೊರೋನಾದ ನಿಮಿತ್ತ ದೇಶವೆಲ್ಲ ಬಾಗಿಲು ಹಾಕಿ ಕ್ಷೌರದ ಅಂಗಡಿಗಳೂ ಮುಚ್ಚಿದ್ದಾಗ ಮನೆಮನೆಯಲ್ಲೂ ಈ ಪ್ರಯೋಗ ನಡೆಯಿತು. ಸುಲಭವೆಂದು ತೋರುತ್ತಿದ್ದ ಕೈಚಳಕದ ಬೆಲೆ ಅನೇಕರಿಗೆ ತಿಳಿದದ್ದು ಆಗಲೇ. ಮೂರು ನಾಲ್ಕು ಸಲ ತಲೆಗೆ ನೀರು ಬೀಳುವವರೆಗೆ ತಾಳ್ಮೆಯಿಂದಿದ್ದು, ಆಮೇಲೂ ಸರಿಹೋಗದಿದ್ದರೆ ಕ್ಷೌರಿಕರಲ್ಲಿಗೇ ಹೋಗಿ ತಿದ್ದಿಸಿಕೊಳ್ಳುವುದು ವಿವೇಕ.

ಬೋಳಿಸಿದ ಎಳೆಯ ತಲೆ

ಮಕ್ಕಳ ಚೌಲವಾದಾಗಲೂ, ತಿರುಪತಿಯಲ್ಲೋ ಧರ್ಮಸ್ಥಳದಲ್ಲೋ ಮುಡಿ ಕೊಟ್ಟಾಗಲೂ ಗಂಧವನ್ನು ತೇಯ್ದು ಬೋಳುತಲೆಗೆ ಹಚ್ಚುವುದುಂಟು, ಅದು ತಂಪು. ಆದರೆ ಅಷ್ಟಕ್ಕೇ ಸುಮ್ಮನಾಗಬಾರದು. ಅದುವರೆಗೆ ಬಿಸಿಲನ್ನೇ ಕಾಣದ ಆ ಚರ್ಮ ಬೇಗನೆ ಸುಡುತ್ತದೆ. ಕೆಲವು ವಾರ ತೆಳುವಾದ ಹತ್ತಿಯ ಟೋಪಿ ಅವಶ್ಯ. ಬೋಳಿಸಿದರೆ ಕೂದಲು ದಟ್ಟವಾಗುತ್ತದೆಂದು ಮತ್ತೆ ಮತ್ತೆ ಕತ್ತಿ ಆಡಿಸುವುದು ವ್ಯರ್ಥ. ೧೯೨೮ರಲ್ಲಿಯೇ ಅಮೆರಿಕದ ಶರೀರರಚನಾಶಾಸ್ತ್ರಜ್ಞೆ ಮಿಲ್ಡ್ರೆಡ್ ಟ್ರಾಟರ್ ಅವರು ಗಡ್ಡದ ಕೂದಲನ್ನು ಅಳೆದು, ಕ್ಷೌರದಿಂದ ಅದರ ದಪ್ಪವಾಗಲಿ ಬೆಳವಣಿಗೆಯ ವೇಗವಾಗಲಿ ಹೆಚ್ಚುವುದಿಲ್ಲವೆಂದು ತೋರಿಸಿದರು. ಹೊರಗೆ ಕಾಣುವ ಕೂದಲಿಗೆ ಜೀವವಿಲ್ಲ. ಜೀವವಿರುವುದು ಚರ್ಮದೊಳಗಿನ ಬುಡದಲ್ಲಿ. ಅದನ್ನು ಪೋಷಿಸುವುದು ಕತ್ತಿಯಲ್ಲ, ಊಟ.

ಮಾತಿನ ಆರೈಕೆಯೂ ಬೇಕು. ಕೂದಲು ಕತ್ತರಿಸಿಕೊಂಡು ಬಂದ ಮಗಳನ್ನು ನೋಡಿ ಮನೆಯವರು ನಿಟ್ಟುಸಿರಿಟ್ಟರೆ, ಮಗನನ್ನು ನೋಡಿ ಅಣ್ಣಂದಿರು ಗೇಲಿ ಮಾಡಿದರೆ, ಆ ಮಗು ಮರುದಿನ ಶಾಲೆಗೆ ತಲೆ ತಗ್ಗಿಸಿಯೇ ಹೋಗುತ್ತದೆ. ಕೂದಲು ತಿಂಗಳಿಗೆ ಸುಮಾರು ೧ ಸೆಂಟಿಮೀಟರ್ ಬೆಳೆದೀತು. ಅವಮಾನದ ನೆನಪು ಅಷ್ಟು ಬೇಗ ಅಳಿಯದು.

ಈ ಲೆಕ್ಕದಲ್ಲಿ ಗಂಡಸರ ಕ್ರಾಪು ತನ್ನ ರೂಪ ಕಳೆದುಕೊಳ್ಳಲು ಮೂರು ನಾಲ್ಕು ವಾರ ಸಾಕು. ಮುಂದಿನ ಸಲ ಹೋದಾಗ ಸುಮ್ಮನೆ ತಲೆಯೊಡ್ಡಿ ಕುಳಿತುಕೊಳ್ಳದೆ, ಹೋದ ಸಲ ಯಾವ ಭಾಗ ಚೆನ್ನಾಗಿ ನಿಂತಿತು, ಎಲ್ಲಿ ಕೂದಲು ನಿಮಿರಿತು ಎಂಬುದನ್ನು ಹೇಳಿ. ಕ್ಷೌರಿಕರಿಗೆ ಅದರಷ್ಟು ಉಪಯುಕ್ತವಾದ ಮಾತು ಬೇರೊಂದಿಲ್ಲ. ಹೋಗುವ ದಿನ ಮಾತ್ರ ನೋಡಿಕೊಂಡು ಹೊರಡಿ: ನಮ್ಮ ಊರುಗಳ ಬಹಳಷ್ಟು ಅಂಗಡಿಗಳಿಗೆ ಮಂಗಳವಾರ ರಜ.