ಬಿಸಿನೀರೆಂಬ ನಂಬಿಕೆ

ಕೃಷ್ಣರಾಜಪೇಟೆ ತಾಲ್ಲೂಕಿನ ನಮ್ಮ ಸಂತೆಬಾಚಹಳ್ಳಿ ಹೋಬಳಿಯ ಹೆಣ್ಣುಮಕ್ಕಳಲ್ಲಿ, ಹೆರಿಗೆಯ ರಜೆ ತೀರಿದೊಡನೆ ಹಸುಗೂಸನ್ನು ಅತ್ತೆಯ ಇಲ್ಲವೆ ತಾಯಿಯ ಮಡಿಲಿಗೆ ಒಪ್ಪಿಸಿ, ಬೆಳಗಿನ ಬಸ್ಸು ಹಿಡಿದು ಶಾಲೆಗೋ ಬ್ಯಾಂಕಿಗೋ ತಾಲ್ಲೂಕು ಕಚೇರಿಗೋ ಗಾರ್ಮೆಂಟ್ಸಿಗೋ ಹೋಗಿ ಸಂಜೆಗೆ ಹಿಂದಿರುಗುವವರು ಈಗ ವಿರಳರಲ್ಲ. ಅವರಲ್ಲಿ ಕೆಲವರ ಕೈಚೀಲದಲ್ಲಿ, ಊಟದ ಡಬ್ಬಿಯ ಪಕ್ಕದಲ್ಲಿ, ಎದೆಹಾಲು ತೆಗೆಯುವ ಪಂಪೂ ಸ್ಥಾನ ಪಡೆದಿದೆ. ತಾಯಿಯಿರುವ ಎಡೆಗೂ ಮಗುವಿರುವ ಎಡೆಗೂ ನಡುವೆ ಹಲವು ಹರದಾರಿಗಳ ಅಂತರವುಂಟಾದ ಕಾಲದಲ್ಲಿ ಇಂಥದೊಂದು ಸಾಧನ ದೊರೆತದ್ದು ಉಪಕಾರವೆಂದೇ ನಾನು ತಿಳಿದಿದ್ದೇನೆ. ಆದರೆ ಆ ಪಂಪಿನ ಬೆನ್ನ ಹಿಂದೆಯೇ ಒಂದು ನಂಬಿಕೆಯೂ ಮನೆಮನೆಗೆ ಬಂದು ಕುಳಿತಿದೆ. ಒಂದು ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ದರೆ ಸಾಕು, ಹಾಲು ತೆಗೆದ ಮೇಲೆ ಪಂಪಿನ ಭಾಗಗಳ ಮೇಲೆ ಆ ನೀರನ್ನು ಹುಯ್ದು ಕುಲುಕಿ ಚೆಲ್ಲಿದರೆ ಅವು ಶುದ್ಧವಾದವು, ಸೋಪಿನ ಗೊಡವೆಯೇ ಬೇಡ ಎಂಬುದು ಆ ನಂಬಿಕೆ.

"ಬಿಸ್ನೀರ್ ಉಯ್ದ್‌ಬುಟ್ರೆ ಮುಗೀತು ಕಣವ್ವ, ಸೋಪು ಗೀಪು ಹಾಕ್‌ಬ್ಯಾಡ, ಮಗೀಗೆ ಆಗಾಕಿಲ್ಲ" ಎಂದು ಅತ್ತೆ ಹೇಳುತ್ತಾಳೆ; ಸೊಸೆ ಅದನ್ನು ಶಿರಸಾವಹಿಸುತ್ತಾಳೆ; ಪದವೀಧರೆಯಾದ ಸಹೋದ್ಯೋಗಿಯೂ ಅದನ್ನೇ ಅನುಮೋದಿಸುತ್ತಾಳೆ. ನನಗೆ ಬೇಸರವಾಗುವುದು ಈ ಮಾತು ತಪ್ಪೆಂಬುದಕ್ಕಿಂತ ಹೆಚ್ಚಾಗಿ, ಇದು ತಪ್ಪೆಂದು ಚೆನ್ನಾಗಿ ಬಲ್ಲ ಜನರ ಬಾಯಿಂದಲೇ ಬರುತ್ತಿದೆಯಲ್ಲ ಎಂಬುದಕ್ಕೆ. ಮಂಡ್ಯವು ಹಾಲಿನ ಜಿಲ್ಲೆ. ಗೆಜ್ಜಲಗೆರೆಯ ಒಕ್ಕೂಟಕ್ಕೆ ಹಾಲು ಕಳುಹಿಸುವ ಡೈರಿಗಳು ನಮ್ಮ ಹಳ್ಳಿಹಳ್ಳಿಯಲ್ಲೂ ಇವೆ. ಹೊತ್ತಾರೆ ಎದ್ದು ಹಸು ಕರೆದು ಡೈರಿಗೆ ಹಾಲು ಹಾಕಿ ಬರುವವರು ಬಹುಮಟ್ಟಿಗೆ ಹೆಂಗಸರೇ. ಹಾಲಿನ ಪಾತ್ರೆಯನ್ನು ಮೊದಲು ತಣ್ಣೀರಿನಲ್ಲಿ ಗಲಬರಿಸಬೇಕು, ಆಮೇಲೆ ಪುಡಿ ಹಾಕಿ ಉಜ್ಜಬೇಕು, ಆಮೇಲೆ ಬಿಸಿನೀರು ತೋರಿಸಬೇಕು, ಕಡೆಗೆ ಬೋರಲು ಹಾಕಿ ಒಣಗಿಸಬೇಕು ಎಂಬ ಕ್ರಮವನ್ನು ಅವರಿಗೆ ಯಾವ ವಿಜ್ಞಾನಿಯೂ ಬಂದು ಬೋಧಿಸಬೇಕಾಗಿಲ್ಲ. ಹಾಲು ಮೆತ್ತಿದ ಪಾತ್ರೆಗೆ ಮೊದಲೇ ಕುದಿನೀರು ಹುಯ್ದರೆ ಹಾಲಿನಲ್ಲಿರುವ ಸಸಾರಜನಕವು ಬೆಂದು ಗಟ್ಟಿಯಾಗಿ ಪಾತ್ರೆಯ ಮೈಗೆ ಅಂಟಿಕೊಳ್ಳುತ್ತದೆಂಬುದೂ, ಅಂಥ ಪಾತ್ರೆಯಲ್ಲಿ ಕರೆದ ಹಾಲು ಡೈರಿಯ ಬಾಗಿಲು ಸೇರುವ ಮುನ್ನವೇ ಹುಳಿವಾಸನೆ ಹಿಡಿಯುತ್ತದೆಂಬುದೂ ಅವರ ಅನುಭವದಲ್ಲಿರುವ ಸಂಗತಿ. ಆ ಅನುಭವವನ್ನು ಕರುವಿನ ತಾಯಿಯ ಹಾಲಿಗೆ ಮೀಸಲಿರಿಸಿ, ಕಂದನ ತಾಯಿಯ ಹಾಲಿನ ವಿಷಯ ಬಂದೊಡನೆ ಮರೆತುಬಿಡುವುದಕ್ಕೆ ಕಾರಣವೇನು? ಹಸುವಿನ ಹಾಲು ಕೆಟ್ಟರೆ ಡೈರಿಯ ಕಾರ್ಯದರ್ಶಿ ಅದನ್ನು ಪರೀಕ್ಷಿಸಿ ಹಿಂದಕ್ಕೆ ಕಳುಹಿಸುತ್ತಾರೆ, ಆ ಹೊತ್ತಿನ ಹಣ ಹೋಗುತ್ತದೆ. ಪಂಪಿನಿಂದ ಬಂದ ಹಾಲನ್ನು ಪರೀಕ್ಷಿಸುವ ಕಾರ್ಯದರ್ಶಿ ಯಾರೂ ಇಲ್ಲ.

ಇನ್ನು ಆ ನೀರಿನ ಬಿಸಿಯನ್ನೇ ವಿಚಾರಿಸೋಣ. ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರವಿರುವ ನಮ್ಮ ಸೀಮೆಯಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಬೆಳಗ್ಗೆ ಆರು ಗಂಟೆಗೆ ಫ್ಲಾಸ್ಕಿಗೆ ತುಂಬಿದ ಆ ನೀರು ಮಧ್ಯಾಹ್ನ ಕೈಗೆ ಚುರುಕೆನ್ನುವಷ್ಟು ಬಿಸಿಯಾಗಿರಬಹುದಾದರೂ ಕುದಿಯುವ ನೀರಲ್ಲ, ಮತ್ತು ಅದು ಪಂಪಿನ ಮೈಯನ್ನು ಸ್ಪರ್ಶಿಸುವುದು ಕೆಲವೇ ಕ್ಷಣ. ಕ್ರಿಮಿಗಳನ್ನು ಕೊಲ್ಲುವುದು ಕೇವಲ ಉಷ್ಣವಲ್ಲ, ಉಷ್ಣ ಮತ್ತು ಕಾಲ ಎರಡೂ ಕೂಡಿ. ಅಕಾಲದಲ್ಲಿ ಜನಿಸಿದ ಶಿಶುಗಳಿಗೋಸ್ಕರ ದಾನವಾಗಿ ಬಂದ ಎದೆಹಾಲನ್ನು ಸಂಗ್ರಹಿಸುವ ಭಂಡಾರಗಳಲ್ಲಿ — ಏಷ್ಯಾದಲ್ಲಿಯೇ ಮೊದಲನೆಯದು 1989ರಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರ ಪರಿಶ್ರಮದಿಂದ ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ ಆರಂಭವಾಯಿತು, ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿಯೂ ಅಂಥದೊಂದು ಇದೆ — ಹಾಲನ್ನು 62.5 ಡಿಗ್ರಿಯಲ್ಲಿ ಪೂರಾ 30 ನಿಮಿಷ ಹಿಡಿದಿಡುತ್ತಾರೆ. ಪಂಪಿನ ಭಾಗಗಳಿಗಾದರೆ, ತೊಳೆದ ಬಳಿಕ, ಕುದಿಯುವ ನೀರಿನಲ್ಲಿ ಮುಳುಗಿಸಿ 5 ನಿಮಿಷ ಇಡಬೇಕೆಂಬುದು ವಿಧಿ. ತೊಳೆದ ಬಳಿಕ ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಏಕೆಂದರೆ ಕೊಳೆಯು ಉಳಿದಿರುವ ಕಡೆ ಬಿಸಿಯು ತನ್ನ ಕೆಲಸವನ್ನು ಪೂರೈಸಲಾರದು, ಮತ್ತು ಕುದಿಸುವುದು ತೊಳೆಯುವುದಕ್ಕೆ ಬದಲಿಯಲ್ಲ.

ಸಂಶಯವುಳ್ಳವರು ಪಂಪನ್ನು ಬಿಚ್ಚಿ, ಅದರ ಆಲಿಕೆಯ ಕೆಳಗಿರುವ ವಾಲ್ವನ್ನು, ಎಂದರೆ ಬಾತುಕೋಳಿಯ ಕೊಕ್ಕಿನಾಕಾರದ ಆ ಮೆತ್ತನೆಯ ಚಿಕ್ಕ ತುಣುಕನ್ನು, ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿಯಲಿ. ಅದರ ತುದಿಯಲ್ಲಿ ಉಗುರಿನಿಂದ ಗೀರಿದಂಥ ಒಂದು ಸೀಳು ಇರುತ್ತದೆ. ಹಾಲಿನ ಪ್ರತಿಯೊಂದು ಹನಿಯೂ ಆ ಸೀಳಿನ ಮೂಲಕವೇ ಬಾಟ್ಲಿಗೆ ಇಳಿಯಬೇಕು. ಬಿಸಿನೀರು ಮಾತ್ರ ಕಂಡ ವಾಲ್ವಿನಲ್ಲಿ ಈ ಸೀಳಿನ ಎರಡು ತುಟಿಗಳ ಒಳಗೆ ಬೆಳ್ಳನೆಯ ಒಂದು ಪೊರೆ ಕಾಣುತ್ತದೆ, ಬೆರಳಿಗೆ ಜಿಡ್ಡು ತಾಕುತ್ತದೆ, ಮೂಗಿನ ಹತ್ತಿರ ಹಿಡಿದರೆ ಹಳಸಿದ ವಾಸನೆ ಬರುತ್ತದೆ. ಆ ಜಿಡ್ಡು ಹಾಲಿನ ಕೊಬ್ಬು, ಆ ಪೊರೆ ಬೆಂದ ಸಸಾರಜನಕ. ಎರಡರ ಆಶ್ರಯದಲ್ಲಿ ಸೂಕ್ಷ್ಮಜೀವಿಗಳು ನೆಲಸುತ್ತವೆ. ಅನುಕೂಲವಾದ ತೇವವೂ ಬಿಸುಪೂ ದೊರೆತರೆ ಕೆಲವು ಜಾತಿಯ ಕ್ರಿಮಿಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಸುತ್ತವೆ. ಎಂದರೆ ಹನ್ನೊಂದು ಗಂಟೆಗೆ ಒಂದಿದ್ದದ್ದು ಮೂರು ಗಂಟೆಯ ಹೊತ್ತಿಗೆ 4,096 ಆಗಬಲ್ಲುದು.

ಇದು ಬರಿಯ ಲೆಕ್ಕಾಚಾರದ ಭಯವಲ್ಲವೆಂಬುದಕ್ಕೆ ನಿದರ್ಶನವುಂಟು. 2016ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ದಿನ ತುಂಬುವ ಮೊದಲೇ ಜನಿಸಿದ್ದ ಒಂದು ಶಿಶುವಿಗೆ ಕ್ರೋನೊಬ್ಯಾಕ್ಟರ್ ಎಂಬ ಕ್ರಿಮಿಯಿಂದ ರಕ್ತದ ನಂಜೂ ಮೆದುಳಿನ ಪೊರೆಯ ಉರಿಯೂತವೂ ಉಂಟಾದುವು. ಮೂಲವನ್ನು ಶೋಧಿಸಿದಾಗ ಅದೇ ಕ್ರಿಮಿ ಮನೆಯಲ್ಲಿದ್ದ ಪಂಪಿನಲ್ಲಿಯೂ ದೊರೆಯಿತು. ಆ ಪಂಪಿನ ಭಾಗಗಳನ್ನು ಸೋಪು ನೀರಿನಲ್ಲಿ ಸಿಂಕಿನೊಳಗೆ ಗಂಟೆಗಟ್ಟಲೆ ನೆನೆಹಾಕಿ, ಉಜ್ಜದೆ ಬರಿದೆ ಜಾಲಿಸಿ ಎತ್ತಿಡುವ ರೂಢಿಯಿತ್ತು. ಅದನ್ನನುಸರಿಸಿಯೇ ಅಲ್ಲಿನ ರೋಗನಿಯಂತ್ರಣ ಕೇಂದ್ರವು 2017ರಲ್ಲಿ ಪಂಪಿನ ಶುಚಿತ್ವವನ್ನು ಕುರಿತು ಪ್ರತ್ಯೇಕವಾದ ಮಾರ್ಗಸೂಚಿಯನ್ನು ಪ್ರಕಟಿಸಿತು. ಇಂಥ ಕಾಯಿಲೆ ಅತ್ಯಂತ ಅಪರೂಪವೆಂಬುದನ್ನೂ, ದಿನ ತುಂಬಿ ಹುಟ್ಟಿ ಐದಾರು ತಿಂಗಳು ದಾಟಿದ ಆರೋಗ್ಯವಂತ ಕೂಸಿಗೆ ಒಂದು ದಿನದ ಅಜಾಗ್ರತೆಯಿಂದ ಪ್ರಾಣಾಪಾಯವೇನೂ ಒದಗದೆಂಬುದನ್ನೂ ನಾನು ಮರೆಮಾಚುವುದಿಲ್ಲ. ತಾಯಂದಿರನ್ನು ಹೆದರಿಸಿ ಎದೆಹಾಲನ್ನೇ ಬಿಡಿಸುವುದು ಇದಕ್ಕಿಂತ ದೊಡ್ಡ ಅನ್ಯಾಯವಾದೀತು. ಆದರೆ ಎರಡು ತಿಂಗಳಿಗೆ ಕಡಮೆ ವಯಸ್ಸಿನ, ತೂಕ ಕಡಮೆಯ, ಅವಧಿಗೆ ಮುನ್ನ ಜನಿಸಿದ ಮಕ್ಕಳ ವಿಷಯದಲ್ಲಿ ಸಡಿಲಿಕೆಗೆ ಎಡೆಯೇ ಇಲ್ಲ.

ಸೋಪಿನ ಭೀತಿಯನ್ನಂತೂ ನಾನು ಅರ್ಥಮಾಡಿಕೊಳ್ಳಲಾರೆ. ಜಿಡ್ಡನ್ನು ನೀರು ಒಯ್ಯಲಾರದು. ಜಿಡ್ಡನ್ನು ಹಿಡಿದು ನೀರಿಗೆ ಒಪ್ಪಿಸುವುದೇ ಸೋಪಿನ ಗುಣ. ಪಾತ್ರೆ ತೊಳೆಯುವ ದ್ರಾವಣದ ಒಂದೆರಡು ತೊಟ್ಟು ಸಾಕು, ಆಮೇಲೆ ಹರಿಯುವ ನೀರಿನಲ್ಲಿ ಜಾಲಿಸಿದರೆ ಅದು ಹೋಗಿಬಿಡುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಬಟ್ಟೆ ಸೋಪು ನೊರೆ ಕೊಡದೆ ಬಿಳಿಯ ಕಸರನ್ನು ಬಿಡುವುದರಿಂದ ದ್ರಾವಣವೇ ಲೇಸು.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಲುವುದು. ಎದೆಹಾಲಿಗೆ ಕ್ರಿಮಿಗಳನ್ನು ತಡೆಯುವ ಶಕ್ತಿಯಿರುವುದು ನಿಜ, ಆದರೆ ಆ ಶಕ್ತಿ ಪ್ಲಾಸ್ಟಿಕ್ಕಿನ ಮೇಲೆ ಒಣಗಿದ ಪೊರೆಯನ್ನು ಕಾಯುವುದಿಲ್ಲ. ಬಳಸಿದ ಪಂಪನ್ನು ಚೀಲದಲ್ಲಿಟ್ಟು ಫ್ರಿಜ್ಜಿಗೆ ಸೇರಿಸಿದರೆ ಕ್ರಿಮಿಗಳ ಬೆಳವಣಿಗೆ ನಿಧಾನವಾಗುವುದೇ ಹೊರತು ನಾಶವಾಗದು. ಅನ್ಯಮಾರ್ಗವಿಲ್ಲದ ದಿನ, ಗಟ್ಟಿಮುಟ್ಟಾದ ಮಗುವಿನ ತಾಯಿಗೆ ಕೆಲವು ಗಂಟೆಗಳ ಮಟ್ಟಿಗೆ ಅದು ಕ್ಷಮ್ಯ. ಸೆರಗಿನಿಂದ ಒರಸುವುದು ತೊಳೆದದ್ದನ್ನು ಮತ್ತೆ ಮಲಿನಗೊಳಿಸುವುದಕ್ಕೆ ಸಮಾನ. ಒದ್ದೆಯಾಗಿರುವಾಗಲೇ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯುವುದು ಬೂಷ್ಟಿಗೆ ಆಹ್ವಾನ. ಗಾಯ ತೊಳೆಯುವ ಔಷಧದಲ್ಲಿ ಅದ್ದುವವರು ಆ ಔಷಧ ಕೂಸಿನ ಬಾಯಿಗಾಗಿ ಮಾಡಿದ್ದಲ್ಲವೆಂಬುದನ್ನು ನೆನೆಯಬೇಕು. ಗಾಳಿಯೆಳೆಯುವ ಟ್ಯೂಬಿಗೆ ಹಾಲು ತಾಗದಿದ್ದರೆ ಅದನ್ನು ತೊಳೆಯುವ ಅಗತ್ಯವೇ ಇಲ್ಲ. ತೊಳೆದರೆ ಒಳಗೆ ನೀರು ನಿಂತು ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದ ಟ್ಯೂಬನ್ನು ಎಸೆಯತಕ್ಕದ್ದು.

ಈ ನಂಬಿಕೆಗಳೆಲ್ಲ ಎಲ್ಲಿಂದ ಹುಟ್ಟುತ್ತವೆಂದು ಆಲೋಚಿಸಿದಾಗ ನನಗೆ ತೋರುವುದಿಷ್ಟು: ಶುದ್ಧಿಯೆಂಬುದನ್ನು ನಾವು ಒಂದು ಕ್ರಿಯೆಯೆಂದು ಭಾವಿಸದೆ ಒಂದು ಸ್ಪರ್ಶವೆಂದು ಭಾವಿಸಿದ್ದೇವೆ. ಬಿಸಿ ತಾಗಿತೆ, ಶುದ್ಧವಾಯಿತು. ಔಷಧದ ವಾಸನೆ ಬಂದಿತೆ, ಶುದ್ಧವಾಯಿತು. ಕ್ರಿಮಿ ಕೊಲ್ಲುವುದೆಂದು ಮಾರುವ ನೀಲಿ ದೀಪದ ಪೆಟ್ಟಿಗೆಯೊಳಗೆ ಒಂದು ಕ್ಷಣ ಇಟ್ಟು ತೆಗೆದದ್ದಾಯಿತೆ, ಅದೂ ಶುದ್ಧವಾಯಿತು. ಉಜ್ಜುವ ಶ್ರಮವನ್ನು ತಪ್ಪಿಸುವ ಯಾವ ಮಾತಿಗೂ ನಾವು ಕೂಡಲೆ ಕಿವಿಗೊಡುತ್ತೇವೆ. ಪಂಪಿನ ಪೆಟ್ಟಿಗೆಯೊಳಗೆ ತಯಾರಕರು ಇಟ್ಟ ಕಾಗದದಲ್ಲಿ ಯಾವ ಭಾಗವನ್ನು ಕುದಿಸಬಹುದು, ಯಾವುದನ್ನು ಕುದಿಸಬಾರದು ಎಂಬುದೆಲ್ಲ ಚಿತ್ರಸಹಿತ ಮುದ್ರಿತವಾಗಿರುತ್ತದೆ. ಅದು ಪೆಟ್ಟಿಗೆಯೊಡನೆ ಅಟ್ಟ ಸೇರುತ್ತದೆ. ಬರೆದವರಾರೆಂದು ತಿಳಿಯದ ವಾಟ್ಸಾಪ್ ಸಂದೇಶವಾದರೋ ಕಾಲುಗಂಟೆಯೊಳಗೆ ಹತ್ತು ತಾಯಂದಿರ ಕೈಸೇರುತ್ತದೆ, ಮಂತ್ರಿಸಿದ ತಾಯಿತಕ್ಕೆ ಹಿಂದಿನವರು ಕೊಡುತ್ತಿದ್ದಷ್ಟೇ ಗೌರವ ಅದಕ್ಕೆ ಸಲ್ಲುತ್ತದೆ. ಅಕ್ಷರ ಬಂದರೆ ಇಂಥ ಅಂಧಶ್ರದ್ಧೆ ತಾನಾಗಿ ಕರಗುವುದೆಂದು ಒಂದು ತಲೆಮಾರು ನಂಬಿತ್ತು. ಅಕ್ಷರ ಬಂದಿದೆ; ಕೇಳಿದ್ದನ್ನು ಒಂದು ಸಲ ಪರೀಕ್ಷಿಸಿ ನೋಡುವ ಅಭ್ಯಾಸ ಬಂದಿಲ್ಲ. ಈ ಮಾತನ್ನು ಬರೆಯುವಾಗ ನನಗೆ ನಿಜವಾಗಿಯೂ ವ್ಯಥೆಯಾಗುತ್ತದೆ, ಏಕೆಂದರೆ ಇದರ ಫಲವನ್ನು ಉಣ್ಣುವುದು ಮಾತು ಬಾರದ ಕೂಸು.

ಹಾಗಾದರೆ ಒಂದೇ ನಲ್ಲಿಯಿರುವ ಕಚೇರಿಯಲ್ಲಿ, ಅರ್ಧಗಂಟೆಯ ವಿರಾಮದಲ್ಲಿ, ತಾಯಿ ಏನು ಮಾಡಬೇಕು? ಮೊದಲು ಕೈಯನ್ನು ಸೋಪಿನಿಂದ ತೊಳೆಯಬೇಕು. ಹಾಲು ತೆಗೆದಾದ ಮೇಲೆ ಹಾಲು ತಾಗಿದ ಭಾಗಗಳನ್ನೆಲ್ಲ ಬಿಚ್ಚಿ, ಒಣಗಲು ಬಿಡದೆ, ತಣ್ಣನೆಯ ಹರಿಯುವ ನೀರಿಗೆ ಒಡ್ಡಬೇಕು. ಎಲ್ಲರ ಊಟದ ಡಬ್ಬಿಗಳ ಎಂಜಲು ಇಳಿಯುವ ಸಿಂಕಿನಲ್ಲಿ ಅವುಗಳನ್ನು ಇಡಕೂಡದು. ಅದಕ್ಕೆಂದೇ ಒಂದು ಚಿಕ್ಕ ಬೋಗುಣಿಯನ್ನೂ ಒಂದು ಬ್ರಷ್ಷನ್ನೂ ಮನೆಯಿಂದ ಒಯ್ಯಬೇಕು. ಫ್ಲಾಸ್ಕಿನ ಬಿಸಿನೀರಿಗೆ ಸ್ಥಾನ ದೊರೆಯುವುದು ಇಲ್ಲಿ: ಬೋಗುಣಿಯಲ್ಲಿ ಆ ನೀರನ್ನು ಕೈ ತಾಳುವಷ್ಟು ಹದಕ್ಕೆ ತಂದು, ದ್ರಾವಣ ಬೆರಸಿ, ಬ್ರಷ್ಷಿನಿಂದ ಉಜ್ಜಿ, ಶುದ್ಧ ನೀರಿನಲ್ಲಿ ಜಾಲಿಸಿ, ಒಗೆದ ಬಟ್ಟೆಯ ಮೇಲೆ ಹರಡಿ, ಒರಸದೆ ಆರಲು ಬಿಡಬೇಕು. ವಾಲ್ವಿನ ಸೀಳಿಗೆ ಬ್ರಷ್ಷಿನ ಕೂದಲನ್ನು ತೂರಿಸಿದರೆ ಅದು ಹರಿದುಹೋಗುತ್ತದೆ. ಬೆರಳುಗಳ ನಡುವೆ ಹಿಡಿದು ಮೆಲ್ಲನೆ ಒತ್ತಿ ತೊಳೆಯುವುದೇ ಸರಿ. ಸಂಜೆ ಮನೆಗೆ ಬಂದ ಮೇಲೆ ಇನ್ನೊಮ್ಮೆ ತೊಳೆದು, ಒಲೆಯ ಮೇಲೆ 5 ನಿಮಿಷ ಕುದಿಸುವುದು ದಿನಕ್ಕೊಮ್ಮೆ ನಡೆಯಲಿ. ತೆಗೆದ ಹಾಲು ತಂಪಾದ ಕೋಣೆಯಲ್ಲಿ 4 ಗಂಟೆ ಇರಬಲ್ಲುದು. ನಮ್ಮ ಚೈತ್ರ ವೈಶಾಖಗಳ ಸೆಕೆಯಲ್ಲಿ ಅದನ್ನು ನೆಚ್ಚದೆ ಮಂಜಿನ ಗಡ್ಡೆಯಿಟ್ಟ ಚೀಲದಲ್ಲಿ ತರುವುದು ಕ್ಷೇಮ.

1961ರ ಹೆರಿಗೆ ಸೌಲಭ್ಯ ಕಾಯ್ದೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ವಿರಾಮಗಳನ್ನು ವಿಧಿಸಿತು, 2017ರ ತಿದ್ದುಪಡಿ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಪಂಪು ತೊಳೆಯಲು ಒಂದು ನಲ್ಲಿ, ಒಂದು ಚಿಲಕವಿರುವ ಬಾಗಿಲು ಎಷ್ಟು ಕಚೇರಿಗಳಲ್ಲಿವೆಯೆಂಬುದು ಆ ಹೆಣ್ಣುಮಕ್ಕಳಿಗೇ ಗೊತ್ತು. ಅವೆರಡೂ ಇಲ್ಲದ ಕಡೆ ಕೆಲಸ ಮಾಡುವವಳು ಆಲಿಕೆ, ವಾಲ್ವು, ಬಾಟ್ಲಿಗಳ ಎರಡನೆಯ ಜೊತೆಯೊಂದನ್ನು ಕೊಂಡು, ಮನೆಯಲ್ಲಿ ಕುದಿಸಿ ಒಣಗಿಸಿದ ಎರಡನ್ನೂ ಬೇರೆಬೇರೆ ಡಬ್ಬಿಗಳಲ್ಲಿ ಒಯ್ದು, ಒಂದು ಸಲಕ್ಕೆ ಒಂದನ್ನು ಬಳಸಿ, ಬಳಸಿದ್ದನ್ನು ಮತ್ತೆ ಮುಟ್ಟದೆ ಸಂಜೆ ಮನೆಗೆ ತಂದು ತೊಳೆಯಬಹುದು. ಅದಕ್ಕೂ ಹಣವಿಲ್ಲದಿದ್ದರೆ, ತೊಳೆದ ಕೈಯಿಂದಲೇ ಹಾಲನ್ನು ಹಿಂಡಿ, ಮುಚ್ಚಳವಿರುವ, ಕುದಿಸಿದ ಸ್ಟೀಲ್ ಬಟ್ಟಲಿಗೆ ತೆಗೆಯುವ ಪದ್ಧತಿಯಿದೆ. ಅದನ್ನು ಆಸ್ಪತ್ರೆಯ ನರ್ಸಮ್ಮನವರು ಕೇಳಿದರೆ ತೋರಿಸಿಕೊಡುತ್ತಾರೆ, ಬಟ್ಟಲಿನಲ್ಲಿ ಸೀಳೂ ಇಲ್ಲ, ವಾಲ್ವೂ ಇಲ್ಲ.