ಹಲ್ಲಿನ ಕಲೆ, ಹದಿಹರೆಯದ ಅಳುಕು

ತನ್ನ ಶರೀರ ಹೇಗಿದೆ, ಇತರರ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಎಂಬ ಬಗ್ಗೆ ವ್ಯಕ್ತಿಯ ಮನಸ್ಸಿನಲ್ಲಿ ನೆಲೆಸಿರುವ ಚಿತ್ರವನ್ನೂ ಆ ಚಿತ್ರಕ್ಕೆ ಅಂಟಿಕೊಂಡಿರುವ ತೃಪ್ತಿ, ಅತೃಪ್ತಿ, ನಾಚಿಕೆಗಳನ್ನೂ ಒಟ್ಟಾಗಿ ಮನೋವಿಜ್ಞಾನವು ‘ದೇಹಬಿಂಬ’ ಎಂದು ಕರೆಯುತ್ತದೆ. ಮನೋವೈದ್ಯ ಪಾಲ್ ಶಿಲ್ಡರ್ 1935ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಪರಿಕಲ್ಪನೆಗೆ ವಿದ್ವತ್ ವಲಯದಲ್ಲಿ ಗಟ್ಟಿಯಾದ ಸ್ಥಾನ ದೊರೆಯಿತಾದರೂ, ಅನಂತರದ ಸಂಶೋಧನೆ ಬಹುಪಾಲು ಅಮೆರಿಕ ಮತ್ತು ಯುರೋಪಿನ ಹೆಣ್ಣುಮಕ್ಕಳಲ್ಲಿ ಕಂಡುಬರುವ ತೆಳ್ಳಗಾಗುವ ಹಂಬಲವನ್ನೇ ಕೇಂದ್ರವಾಗಿಟ್ಟುಕೊಂಡು ಬೆಳೆಯಿತು. ಕನ್ನಡದಲ್ಲಿ ಈ ಕುರಿತು ನಡೆಯುವ ಚರ್ಚೆಯೂ ಸಾಮಾನ್ಯವಾಗಿ ಸೆಲ್ಫಿ, ಜಿಮ್ ಮತ್ತು ಡಯಟ್‌ಗಳ ಸುತ್ತಲೇ ಸುಳಿಯುತ್ತದೆ. ಆದರೆ ಯಾದಗಿರಿ, ಶಹಾಪುರ, ಸುರಪುರಗಳ ಶಾಲಾಮಕ್ಕಳ ವಿಷಯದಲ್ಲಿ ಈ ಚರ್ಚೆಯನ್ನು ಕನ್ನಡಿಯಿಂದಲ್ಲ, ಕೊಳವೆಬಾವಿಯಿಂದ ಆರಂಭಿಸಬೇಕಾಗುತ್ತದೆ.

ಕೃಷ್ಣಾ ಮತ್ತು ಭೀಮಾ ನದಿಗಳ ನಡುವೆ ಹರಡಿಕೊಂಡಿರುವ ಶಹಾಪುರ, ಸುರಪುರಗಳ ಸೀಮೆ ಎರಡು ಹೊಳೆಗಳನ್ನು ಮಗ್ಗುಲಲ್ಲಿಟ್ಟುಕೊಂಡೂ ದಶಕಗಳ ಕಾಲ ಕುಡಿಯುವ ನೀರಿಗೆ ನೆಲದಾಳವನ್ನೇ ನಂಬಿತ್ತು ಎಂಬುದು ವಿಪರ್ಯಾಸವೇ ಸರಿ. ಇಲ್ಲಿನ ಗ್ರಾನೈಟ್ ಜಾತಿಯ ಶಿಲೆಗಳು ಸವೆದು ಕರಗಿದಂತೆ ಅವುಗಳಲ್ಲಿರುವ ಫ್ಲೋರೈಡ್ ಅಂಶ ಅಂತರ್ಜಲವನ್ನು ಸೇರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗಿನ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ನೀರಿನ ಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಯಾದಗಿರಿ ಜಿಲ್ಲೆಯ ಹಲವು ಹಳ್ಳಿಗಳ ಬೋರ್‌ವೆಲ್ ನೀರು ಈ ಮಿತಿಯನ್ನು ಮೀರಿರುವುದು ಅಂತರ್ಜಲ ಪರೀಕ್ಷೆಗಳಿಂದ ದೃಢಪಟ್ಟಿದೆ. ಹುಟ್ಟಿನಿಂದ ಸುಮಾರು 8 ವರ್ಷದ ತನಕ, ಶಾಶ್ವತ ಹಲ್ಲುಗಳ ಎನಾಮಲ್ ಎಂಬ ಹೊರಕವಚವು ಒಸಡಿನೊಳಗೆ ರೂಪುಗೊಳ್ಳುತ್ತಿರುವ ಅವಧಿಯಲ್ಲಿ ಮಗು ಇಂಥ ನೀರನ್ನು ಕುಡಿದರೆ, ಆ ಹಲ್ಲುಗಳು ಸುಣ್ಣದಂಥ ಬಿಳಿ ಮಚ್ಚೆಗಳೊಂದಿಗೆ ಮೂಡಿ, ತೀವ್ರ ಸ್ವರೂಪದಲ್ಲಿ ಹಳದಿ ಅಥವಾ ಕಂದು ಪಟ್ಟೆಗಳನ್ನು ತಳೆಯುತ್ತವೆ. ಇದನ್ನು ದಂತ ಫ್ಲೋರೋಸಿಸ್ ಎನ್ನುತ್ತಾರೆ. ಬೇವಿನ ಕಡ್ಡಿಯಿಂದ ಉಜ್ಜಿದರೂ, ಬೂದಿಯಿಂದ ತಿಕ್ಕಿದರೂ, ದುಬಾರಿ ಪೇಸ್ಟ್ ಬಳಸಿದರೂ ಈ ಕಲೆ ಹೋಗದು, ಏಕೆಂದರೆ ಅದು ಹಲ್ಲಿನ ಮೇಲೆ ಕೂತ ಕೊಳೆಯಲ್ಲ, ಹಲ್ಲಿನ ರಚನೆಯಲ್ಲೇ ಆದ ದೋಷ.

ದೇಹಬಿಂಬದ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದದ್ದು ಕಾಲದ ಹೊಂದಾಣಿಕೆ. ನೀರು ಮಾಡಿದ ಹಾನಿ ಶೈಶವದಲ್ಲಿ ನಡೆದಿರುತ್ತದೆ, ಮುಂದಿನ ಹಲ್ಲುಗಳಲ್ಲಿ ಅದು 7-8ನೇ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ, ಅದರಿಂದಾಗುವ ಮುಜುಗರ ಮಾತ್ರ ಇತರರ ನೋಟಕ್ಕೆ ಮನಸ್ಸು ಅತಿ ಸೂಕ್ಷ್ಮವಾಗುವ ಹದಿಹರೆಯದಲ್ಲಿ ಪಕ್ವವಾಗುತ್ತದೆ. ಆಗ ನಗುವಾಗ ಬಾಯಿಗೆ ಕೈ ಅಡ್ಡವಿಡುವುದು, ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಬಾಯಿ ತೆರೆಯದಿರುವುದು, ಗ್ರೂಪ್ ಫೋಟೊದಲ್ಲಿ ತುಟಿ ಬಿಗಿಹಿಡಿಯುವುದು ರೂಢಿಯಾಗಬಹುದು. ಹೊರಗಿನವರು ಅದನ್ನು ದಡ್ಡತನವೆಂದೋ ಸೊಕ್ಕೆಂದೋ, ಕಲೆಯನ್ನು ಗುಟ್ಕಾ ಚಟದ ಗುರುತೆಂದೋ ತಪ್ಪಾಗಿ ಓದಬಹುದು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕೊಳವೆಬಾವಿಗಳಲ್ಲಿ ಪತ್ತೆಯಾದ ಆರ್ಸೆನಿಕ್ ಇನ್ನೂ ಕಠಿಣವಾದ ಸಂಗತಿ: ಈ ವಿಷಾಂಶವುಳ್ಳ ನೀರನ್ನು ದೀರ್ಘಕಾಲ ಕುಡಿದವರ ಚರ್ಮದಲ್ಲಿ ಕಪ್ಪು-ಬಿಳಿ ಚುಕ್ಕೆಗಳು ಮೂಡಿ ಅಂಗೈ, ಅಂಗಾಲುಗಳು ಗಡುಸಾಗುತ್ತವೆ, ಕ್ಯಾನ್ಸರಿನ ಅಪಾಯವೂ ಹೆಚ್ಚುತ್ತದೆ. ಇಂಥ ಗುರುತುಗಳನ್ನು ಅಂಟುರೋಗವೆಂದು ಭಾವಿಸುವ ಜನರ ನಡುವೆ ಬೆಳೆಯುವ ಮಗುವಿಗೆ ‘ನಿನ್ನ ದೇಹವನ್ನು ಪ್ರೀತಿಸು’ ಎಂಬ ಉಪದೇಶವೊಂದನ್ನೇ ನೀಡುವುದು ಸಾಲದು ಮಾತ್ರವಲ್ಲ, ಒಂದು ಬಗೆಯ ಕ್ರೌರ್ಯವೂ ಹೌದು.

ಎರಡನೆಯ ಗುರುತು ಎತ್ತರದ್ದು. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಕುಂಠಿತರಾಗಿದ್ದರು. ಯಾದಗಿರಿಯ ಪ್ರಮಾಣ ರಾಜ್ಯದ ಸರಾಸರಿಗಿಂತ ಬಹಳ ಮೇಲಿತ್ತು. ಅಪೌಷ್ಟಿಕತೆಯು ಪ್ರೌಢತೆಯ ಆಗಮನವನ್ನು ತಡಮಾಡುತ್ತದೆ. ಇದರ ಮೇಲೆ, ಹುಡುಗಿಯರ ಬೆಳವಣಿಗೆಯ ಜಿಗಿತವು ಹುಡುಗರಿಗಿಂತ ಸುಮಾರು 2 ವರ್ಷ ಮೊದಲೇ ಆರಂಭವಾಗುವುದರಿಂದ, ಒಂದೇ ತರಗತಿಯಲ್ಲಿ ಮೈತುಂಬಿಕೊಂಡ ಹುಡುಗಿ ತನ್ನ ಮೈಯನ್ನು ಅಡಗಿಸಲು ಬೆನ್ನು ಬಾಗಿಸಿ ಕೂತಿರುವಾಗಲೇ, ಪಕ್ಕದ ಸಾಲಿನ ಹುಡುಗ ತಾನಿನ್ನೂ ಬೆಳೆದಿಲ್ಲವೆಂದು ಕೊರಗುತ್ತಿರಬಹುದು. ಎರಡೂ ಸಹಜ ದೇಹಗಳೇ ಎಂಬುದನ್ನು ವಿವರಿಸಿ ಹೇಳುವ ದೊಡ್ಡವರು ಮಾತ್ರ ಅಪರೂಪ.

2021ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರವು ಯಾದಗಿರಿಯೂ ಸೇರಿದಂತೆ 7 ಜಿಲ್ಲೆಗಳ ಶಾಲೆಗಳಲ್ಲಿ 8ನೇ ತರಗತಿಯವರೆಗಿನ ಮಕ್ಕಳಿಗೆ ಬಿಸಿಯೂಟದೊಡನೆ ಬೇಯಿಸಿದ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಕೊಡಲು ಆರಂಭಿಸಿದಾಗ ಎದ್ದ ವಿವಾದ ಹಲವರಿಗೆ ನೆನಪಿರಬಹುದು. ಯಾದಗಿರಿಯ ಮಕ್ಕಳನ್ನು ಆಗ ಮೊಟ್ಟೆ ಸಿಗದಿದ್ದ ಗದಗದ ಮಕ್ಕಳೊಡನೆ ಹೋಲಿಸಿ ನಡೆಸಿದ ಅಧ್ಯಯನದಲ್ಲಿ ಯಾದಗಿರಿಯವರ ತೂಕ ಹೆಚ್ಚು ಸುಧಾರಿಸಿದ್ದು ಕಂಡುಬಂತು. ಆದರೆ ಆ ವಿವಾದದಲ್ಲಿ ಮಕ್ಕಳ ತೂಕದ ಬಗ್ಗೆ ನಡೆದಷ್ಟು ಮಾತು ತೂಗುವ ವಿಧಾನದ ಬಗ್ಗೆ ನಡೆಯಲಿಲ್ಲ. ತೂಕ, ಎತ್ತರಗಳನ್ನು ಇಡೀ ತರಗತಿಯ ಎದುರು ಗಟ್ಟಿಯಾಗಿ ಓದಿದರೆ ಅವು ಮರುದಿನದಿಂದಲೇ ಅಡ್ಡಹೆಸರುಗಳಾಗುತ್ತವೆ. ಅದೇ ಅಂಕಿಯನ್ನು ಮಗುವಿಗಷ್ಟೇ ತೋರಿಸಿ, ಕಳೆದ ಬಾರಿಗಿಂತ ಎಷ್ಟು ಬೆಳೆದಿದೆ ಎಂದು ತಿಳಿಸಿದರೆ ಅದು ಆರೋಗ್ಯದ ಮಾಹಿತಿಯಾಗಿ ಉಳಿಯುತ್ತದೆ. ಇದಕ್ಕೆ ಬೇಕಾದ ಅನುದಾನ ಸೊನ್ನೆ.

ಅಡ್ಡಹೆಸರಿನ ಶಕ್ತಿಯನ್ನು ಹಗುರವಾಗಿ ಕಾಣುವಂತಿಲ್ಲ. ವ್ಯಕ್ತಿಯು ಇತರರ ಮುಖಭಾವದಲ್ಲಿ ತನ್ನ ರೂಪವನ್ನು ಓದಿಕೊಂಡು, ಆ ಓದಿನಿಂದಲೇ ತನ್ನ ಬಗ್ಗೆ ಹೆಮ್ಮೆಯನ್ನೋ ಕೀಳರಿಮೆಯನ್ನೋ ಕಟ್ಟಿಕೊಳ್ಳುತ್ತಾನೆಂದು ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿ 1902ರಲ್ಲೇ ವಾದಿಸಿದ್ದರು. ‘ಗಿಡ್ಡ’, ‘ಕರಿಯ’, ‘ಬಡಕಲ’ ಎಂಬ ಕರೆಗಳು ಬಹಳಷ್ಟು ಮನೆಗಳಲ್ಲಿ ಅಕ್ಕರೆಯಿಂದಲೇ ಹುಟ್ಟುತ್ತವೆ ಎಂಬುದು ನಿಜ, ಆದರೆ ಅವೇ ಶಾಲೆಯ ಅಂಗಳಕ್ಕೆ ಬಂದಾಗ ಅಕ್ಕರೆ ಮನೆಯಲ್ಲೇ ಉಳಿದಿರುತ್ತದೆ. ಮೈಬಣ್ಣದ ಮಾತು ಹೆಣ್ಣುಮಕ್ಕಳಿಗೆ ಇನ್ನೂ ಭಾರ, ಏಕೆಂದರೆ ಕನ್ಯೆ ನೋಡಲು ಬರುವವರ ಮುಂದೆ ಬಣ್ಣವು ವರದಕ್ಷಿಣೆಯ ಲೆಕ್ಕಕ್ಕೂ ಸೇರುತ್ತದೆ. ಬಾಲ್ಯವಿವಾಹ ಇನ್ನೂ ತೊಲಗದ ಸೀಮೆಯಲ್ಲಿ ಈ ತೂಗಾಟ ಪ್ರೌಢಶಾಲೆಯ ವಯಸ್ಸಿನಲ್ಲೇ ಶುರುವಾಗುವುದುಂಟು. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಎಂಬ ಬಿಳುಪಿನ ಕ್ರೀಮ್ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಅನ್ನು ಕೈಬಿಟ್ಟಿತು. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಬಿಸಿಲಿಗೆ ಹೋಗುವ ಹುಡುಗಿಗೆ ಕಪ್ಪಾಗುವ ಭಯವನ್ನು ಕಲಿಸಿದವರು ಅಷ್ಟು ಸುಲಭವಾಗಿ ಹೆಸರು ಬದಲಿಸಲಿಲ್ಲ.

ಮೊಬೈಲಿನಂಥ ಪರದೆಗಳ ಪಾತ್ರ ಇಲ್ಲವೆಂದಲ್ಲ. ತುಂಬಿದ ಮೈಯನ್ನೇ ಮೆಚ್ಚುತ್ತಿದ್ದ ಫಿಜಿ ದ್ವೀಪದ ಒಂದು ಪ್ರಾಂತ್ಯಕ್ಕೆ 1995ರಲ್ಲಿ ಟೆಲಿವಿಷನ್ ಬಂದಾಗ, ಆ ವರ್ಷ ಮತ್ತು 1998ರಲ್ಲಿ ಅಲ್ಲಿನ ಶಾಲಾಬಾಲಕಿಯರನ್ನು ಆನ್ ಬೆಕರ್ ಎಂಬ ವೈದ್ಯೆ, ಮಾನವಶಾಸ್ತ್ರಜ್ಞೆ ಅಧ್ಯಯನ ಮಾಡಿದರು. ಆಹಾರ ಸೇವನೆಯ ಬಗ್ಗೆ ಅಸ್ವಸ್ಥ ಧೋರಣೆ ಸೂಚಿಸುವ ಅಂಕ ಪಡೆದವರು ಶೇ 12.7ರಿಂದ ಶೇ 29.2ಕ್ಕೆ ಏರಿದ್ದರು. ಕೆಲಸಕ್ಕಾಗಿ ಬೆಂಗಳೂರಿಗೆ ಗುಳೆ ಹೋಗುವ ಯಾದಗಿರಿ ಸೀಮೆಯ ಕುಟುಂಬಗಳ ಮಕ್ಕಳಿಗೆ ಪರದೆಯ ಹೋಲಿಕೆಯ ಜೊತೆಗೆ ನಗರದ ನೇರ ಹೋಲಿಕೆಯೂ ಎದುರಾಗುತ್ತದೆ.

ಭಾವನಾತ್ಮಕ ಸ್ವಾಸ್ಥ್ಯವೆಂದರೆ ದುಃಖವೇ ಇಲ್ಲದಿರುವುದಲ್ಲ. ದುಃಖ, ಸಿಟ್ಟು, ನಾಚಿಕೆಗಳು ಬಂದಾಗ ಅವನ್ನು ಗುರುತಿಸಿ, ನಂಬಿಕಸ್ಥರೊಡನೆ ಹಂಚಿಕೊಂಡು, ಓದು, ಆಟ, ನಿದ್ದೆಗಳಿಗೆ ಮರಳುವ ಸಾಮರ್ಥ್ಯ. ಮಗು ವಾರಗಟ್ಟಲೆ ಶಾಲೆ ತಪ್ಪಿಸುವುದು, ಊಟ ಬಿಡುವುದು, ಗೆಳೆಯರಿಂದ ದೂರ ಸರಿಯುವುದು, ಸಾಯುವ ಮಾತಾಡುವುದು ಈ ಸಾಮರ್ಥ್ಯ ಕುಸಿಯುತ್ತಿರುವ ಲಕ್ಷಣಗಳು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆ ಕಂಡುಬಂದಿತ್ತು. ನೆರವಿನ ಬಾಗಿಲುಗಳು ಪೂರ್ತಿ ಮುಚ್ಚಿಲ್ಲ: 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹಾ ಕ್ಲಿನಿಕ್‌ಗಳಿವೆ, 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು, 1098 ಮಕ್ಕಳ ಸಹಾಯವಾಣಿಯೂ ಇದೆ.

ಇಷ್ಟಾದರೂ ನೀರಿನ ವಿಷಯವು ಆಪ್ತಸಮಾಲೋಚನೆಯಿಂದ ಬಗೆಹರಿಯುವಂಥದ್ದಲ್ಲ. ಶುದ್ಧ ನೀರು ಇಂದು ಮನೆಗೆ ಬಂದರೆ ಅದರ ಫಲ ಈಗ ಅಂಗನವಾಡಿಯಲ್ಲಿರುವ, ಇನ್ನೂ ಹುಟ್ಟಬೇಕಿರುವ ಮಕ್ಕಳ ಹಲ್ಲಿಗೆ ದೊರೆಯುತ್ತದೆಯೇ ಹೊರತು ಪ್ರೌಢಶಾಲೆಯಲ್ಲಿರುವವರಿಗೆ ದೊರೆಯುವುದಿಲ್ಲ. ಅವರ ಕಲೆಯನ್ನು ದಂತವೈದ್ಯರು ಬ್ಲೀಚಿಂಗ್‌ನಿಂದಲೋ ಹಲ್ಲಿನ ಬಣ್ಣದ ಲೇಪನದಿಂದಲೋ ಮರೆಮಾಡಬಲ್ಲರು. ಸೌಂದರ್ಯ ಚಿಕಿತ್ಸೆಯೆಂಬ ಹಣೆಪಟ್ಟಿ ಹಚ್ಚಿ ಅದನ್ನು ಬದಿಗಿಡುವ ಬದಲು, ಸಾರ್ವಜನಿಕ ನೀರಿನ ಮೂಲದಿಂದಲೇ ಆದ ಹಾನಿಗೆ ಸಲ್ಲಬೇಕಾದ ಪರಿಹಾರವೆಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಉಚಿತವಾಗಿ ಒದಗಿಸುವುದು ನ್ಯಾಯ.