ಮೊಕದ್ದಮೆ ದೀರ್ಘ, ಅನುದಾನ ಅಲ್ಪಾಯು

ಅಮೆರಿಕದಲ್ಲಿ ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ಸರ್ಕಾರವೇ ವಕೀಲರನ್ನು ಒದಗಿಸಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 1963ರಲ್ಲೇ ತೀರ್ಪಿತ್ತಿದೆ. ದೇಶದಿಂದಲೇ ಹೊರಹಾಕುವ ಮೊಕದ್ದಮೆ ಎದುರಿಸುವವನಿಗೆ ಮಾತ್ರ ಈ ಸೌಲಭ್ಯವಿಲ್ಲ. ಆತ ವಕೀಲರನ್ನು ನೇಮಿಸಿಕೊಳ್ಳಬಹುದು, ಆದರೆ ಅದರ ಖರ್ಚು ಸರ್ಕಾರದ್ದಲ್ಲ ಎನ್ನುತ್ತದೆ 1952ರ ವಲಸೆ ಕಾಯ್ದೆ. ಈ ಕೊರತೆಯನ್ನು ತುಂಬಲು ಹೆಣಗುತ್ತಿರುವವರು ಸೇವಾಸಂಸ್ಥೆಗಳ ವಲಸೆ ವಕೀಲರು.

ಶಿಕ್ಷೆಯಲ್ಲವೆಂಬ ತರ್ಕ

ಗಡಿಪಾರು ಶಿಕ್ಷೆಯಲ್ಲ ಎಂಬ 1893ರ ಸುಪ್ರೀಂ ಕೋರ್ಟ್ ತೀರ್ಪು ಈ ತಾರತಮ್ಯದ ಬುನಾದಿ. ಹಾಗಾಗಿ ಈ ಮೊಕದ್ದಮೆಗಳು ಸಿವಿಲ್ ಸ್ವರೂಪದವು. ವಲಸೆ ನ್ಯಾಯಾಲಯವೂ ನ್ಯಾಯಾಂಗದ ಭಾಗವಲ್ಲ, ಕಾರ್ಯಾಂಗದ ಅಧೀನ. ಸರ್ಕಾರದ ಪರ ವಾದಿಸಲು ವಕೀಲರಿದ್ದಾರೆ. ಎದುರಿಗೆ ಎಷ್ಟೋ ಸಲ ಇಂಗ್ಲಿಷ್ ಬಾರದವರೊಬ್ಬರೇ ನಿಂತಿರುತ್ತಾರೆ. 1996ರ ಕಾನೂನು ಗಡಿಪಾರಿಗೆ ದಾರಿಯಾಗುವ ಅಪರಾಧಗಳ ಪಟ್ಟಿಯನ್ನು ಹಿಗ್ಗಿಸಿತು, ಆಶ್ರಯ ಕೋರಲು ಒಂದು ವರ್ಷದ ಗಡುವು ವಿಧಿಸಿತು. ತಪ್ಪೊಪ್ಪಿಗೆಯಿಂದ ಗಡಿಪಾರಾಗುವ ಅಪಾಯವಿದ್ದರೆ ಕ್ರಿಮಿನಲ್ ವಕೀಲರು ಕಕ್ಷಿದಾರರನ್ನು ಎಚ್ಚರಿಸಲೇಬೇಕೆಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಉದ್ಯೋಗ ವೀಸಾದ ಮೇಲೆ ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಇದು ಅನ್ವಯಿಸುತ್ತದೆ.

ವೃತ್ತಿಯ ಒಳಗು

ಊರಾಚೆಯ ಬಂಧನ ಕೇಂದ್ರಗಳಿಗೆ ಅಲೆಯುವುದು, ದುಭಾಷಿಯ ಮೂಲಕ ಹಿಂಸೆಯ ವಿವರಗಳನ್ನು ಮತ್ತೆ ಮತ್ತೆ ಕೇಳಿ ಪ್ರಮಾಣಪತ್ರ ಸಿದ್ಧಪಡಿಸುವುದು, ತವರುದೇಶದ ಸ್ಥಿತಿಗೆ ಪುರಾವೆ ಒದಗಿಸುವುದು ಈ ವಕೀಲರ ನಿತ್ಯದ ಕೆಲಸ. ಸಂಬಳ ಖಾಸಗಿ ವಕೀಲಿಗಿಂತ ಕಡಿಮೆ. ಕಾನೂನು ಓದಿಗೆ ಮಾಡಿದ ಸಾಲ ಮಾತ್ರ ದೊಡ್ಡದು. ಹತ್ತು ವರ್ಷ ಸೇವೆ ಸಲ್ಲಿಸಿ ಕಂತು ಕಟ್ಟಿದವರಿಗೆ ಉಳಿದ ಸಾಲ ಮನ್ನಾ ಮಾಡುವ 2007ರ ಯೋಜನೆ ಕೆಲವರನ್ನು ಹಿಡಿದು ನಿಲ್ಲಿಸಿದೆ. ವಲಸೆ ನ್ಯಾಯಾಲಯಗಳಲ್ಲಿ ಬಾಕಿ ಪ್ರಕರಣಗಳು 30 ಲಕ್ಷ ದಾಟಿರುವಾಗ ಒಂದು ಮೊಕದ್ದಮೆ ವರ್ಷಗಟ್ಟಲೆ ಎಳೆಯುವುದು ಸಾಮಾನ್ಯ. ಈ ವಕೀಲರ ಸಂಬಳಕ್ಕೆ ಆಧಾರವಾದ ಅನುದಾನದ ಅವಧಿ ಅಷ್ಟು ಉದ್ದವಿರುವುದಿಲ್ಲ. ಅದು ನಿಂತರೆ ಹುದ್ದೆ ಹೋಗುತ್ತದೆ. ಆದರೆ ನ್ಯಾಯಾಧೀಶರ ಅನುಮತಿಯಿಲ್ಲದೆ ವಕಾಲತ್ತಿನಿಂದ ಹಿಂದೆ ಸರಿಯುವಂತಿಲ್ಲ.

ಹೊಣೆ ಯಾರದು?

ಕಾನೂನು ಮೀರಿ ಬಂದವರ ಪರ ವಾದಕ್ಕೆ ತೆರಿಗೆದಾರರ ಹಣವೇಕೆ, ವಕೀಲರು ಬಂದರೆ ವಿಚಾರಣೆ ಇನ್ನಷ್ಟು ಲಂಬಿಸದೇ ಎಂಬ ಆಕ್ಷೇಪಗಳನ್ನು ತಳ್ಳಿಹಾಕಲಾಗದು. ಆದರೆ 2007ರಿಂದ 2012ರವರೆಗಿನ ಗಡಿಪಾರು ಪ್ರಕರಣಗಳ ಅಧ್ಯಯನದಲ್ಲಿ ಶೇ 37ರಷ್ಟು ಮಂದಿಗೆ ಮಾತ್ರ ವಕೀಲರಿದ್ದರು; ಬಂಧನದಲ್ಲಿದ್ದವರಲ್ಲಿ ಈ ಪ್ರಮಾಣ ಶೇ 14. ವಕೀಲರಿದ್ದವರೇ ಹೆಚ್ಚು ಗೆದ್ದರು. ವಕೀಲರು ಗಟ್ಟಿ ಪ್ರಕರಣಗಳನ್ನೇ ಆರಿಸಿಕೊಂಡದ್ದೂ ಇದಕ್ಕೆ ಕಾರಣವಿರಬಹುದು. ಹೀಗಾಗಿ ನ್ಯೂಯಾರ್ಕ್ ನಗರದ ಪ್ರಯೋಗ ಮುಖ್ಯವಾಗುತ್ತದೆ: 2013ರಿಂದ ಅಲ್ಲಿ ಪ್ರಕರಣದ ಬಲಾಬಲ ನೋಡದೆ, ಬಂಧನದಲ್ಲಿರುವ ಬಡವರಿಗೆ ನಗರದ ಹಣದಲ್ಲೇ ವಕೀಲರನ್ನು ಕೊಡಲಾಯಿತು. ಅಲ್ಲಿಯೂ ಗೆಲುವಿನ ಪ್ರಮಾಣ ಏರಿತು.

ಬಂದವರೆಲ್ಲರಿಗೂ ಉಳಿಯುವ ಹಕ್ಕಿದೆ ಎಂದು ಇದರರ್ಥವಲ್ಲ. ಯಾರಿಗೆ ಆ ಹಕ್ಕಿದೆಯೆಂದು ಸರಿಯಾಗಿ ತೀರ್ಮಾನವಾಗಬೇಕಾದರೆ ಎರಡೂ ಕಡೆಯ ವಾದ ನ್ಯಾಯಾಧೀಶರ ಮುಂದಿರಬೇಕು. ಕನಿಷ್ಠ ಮಕ್ಕಳಿಗೆ ಮತ್ತು ಬಂಧಿತರಿಗಾದರೂ ಈ ರಕ್ಷಣೆ ಅನುದಾನದ ಏರಿಳಿತಕ್ಕೆ, ಕೆಲವು ವಕೀಲರ ತ್ಯಾಗಬುದ್ಧಿಗೆ ಬಿಟ್ಟದ್ದಾಗದೆ ಶಾಸನದಲ್ಲೇ ಇರುವುದು ಉಚಿತ.